ಮನೆಗೆ ಕೀಬೋರ್ಡ್ ಅಥವಾ ಡಿಜಿಟಲ್ ಪಿಯಾನೊ ಆರಿಸುವ ಬಗೆ: ಪೇಟಿಯ ನಾಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕೀಬೋರ್ಡ್ ಕೊಳ್ಳಲು ಹೊರಡುವ ಬಹುಪಾಲು ಮನೆಗಳಿಗೆ ಪೇಟಿಯ, ಅಂದರೆ ಹಾರ್ಮೋನಿಯಂನ, ಪರಿಚಯ ಮೊದಲೇ ಇರುತ್ತದೆ. ಊರಿನ ಭಜನಾ ಮಂಡಳಿಯಿರಲಿ, ಶ್ರೀಕೃಷ್ಣ ಪಾರಿಜಾತದ ಆಟವಿರಲಿ, ಕಂಪನಿ ನಾಟಕವಿರಲಿ, ಹಾರ್ಮೋನಿಯಂ ಇಲ್ಲದೆ ಯಾವುದೂ ನಡೆದದ್ದಿಲ್ಲ. ಪಂಡಿತ ರಾಮಭಾವು ವಿಜಾಪುರೆಯವರಂಥ ವಾದಕರು ದಶಕಗಳ ಕಾಲ ಪಾಠ ಹೇಳಿದ ಬೆಳಗಾವಿಯಲ್ಲಂತೂ ಆ ವಾದ್ಯಕ್ಕೆ ಸ್ವತಂತ್ರ ಗೌರವವಿದೆ. ಆದರೆ ಡಿಜಿಟಲ್ ಪಿಯಾನೊ ಕುರಿತು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ಪಿಯಾನೊ ಕಲಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಅಂಗಡಿಯಲ್ಲಿ ಸಿಗುವ ಸಲಹೆಯೋ ಟೋನ್ ಮತ್ತು ರಿದಮ್‌ಗಳ ಸಂಖ್ಯೆಯಲ್ಲೇ ಮುಗಿಯುತ್ತದೆ. ಮನೆಯಲ್ಲಿ ಯಾರ ಕೈ ಅದರ ಮೇಲೆ ಆಡಲಿದೆ, ಆ ಕೈ ಏನನ್ನು ನುಡಿಸಲಿದೆ ಎಂಬುದನ್ನು ಮೊದಲು ನಿರ್ಧರಿಸಿಕೊಂಡರೆ ಉಳಿದ ಪ್ರಶ್ನೆಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಗೆಹರಿಯುತ್ತವೆ.

ಮೊದಲ ಹೆಜ್ಜೆ: ಏನು ನುಡಿಸಲಿಕ್ಕೆ?

ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಅಗತ್ಯಗಳು ಕಾಣಿಸುತ್ತವೆ. ಒಂದು, ಹಾಡಿನ ರಿಯಾಜಿಗೆ ಸ್ವರ ಹಿಡಿಯುವುದು, ಭಜನೆ, ವಚನ ಮತ್ತು ಭಾವಗೀತೆಗಳಿಗೆ ಸಾಥ್ ನೀಡುವುದು. ಎರಡು, ಮಗು ಪಿಯಾನೊ ಗುರುಗಳ ಬಳಿ ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿತು ಗ್ರೇಡ್ ಪರೀಕ್ಷೆಗಳಿಗೆ ಕೂರುವುದು. ಮೂರು, ಚರ್ಚಿನ ಗಾಯನವೃಂದ, ರಸಮಂಜರಿ, ಶಾಲಾ ಸಮಾರಂಭಗಳಂಥ ಕಡೆ ಹೊತ್ತೊಯ್ದು ನುಡಿಸುವುದು. ಈ ಮೂರಕ್ಕೂ ಒಂದೇ ವಾದ್ಯ ಚೆನ್ನಾಗಿ ಒದಗುವುದಿಲ್ಲ, ಹೆಚ್ಚು ಹಣ ಕೊಟ್ಟರೂ ಒದಗುವುದಿಲ್ಲ.

ಪರೀಕ್ಷೆಯ ಉದ್ದೇಶವಿದ್ದರೆ ಅದರ ಪಠ್ಯಕ್ರಮವನ್ನು ಖರೀದಿಗೆ ಮೊದಲೇ ಓದಿಕೊಳ್ಳಬೇಕು. ಟ್ರಿನಿಟಿ ಕಾಲೇಜ್ ಲಂಡನ್ ಸಂಸ್ಥೆಯು ಪಿಯಾನೊ ಮತ್ತು ಎಲೆಕ್ಟ್ರಾನಿಕ್ ಕೀಬೋರ್ಡ್ ಎಂಬ ಎರಡು ಬೇರೆ ಬೇರೆ ಪರೀಕ್ಷೆಗಳನ್ನು ನಡೆಸುತ್ತದೆ. ಅವುಗಳ ಪಾಠವೂ ಬೇರೆ, ಅವು ಬೇಡುವ ವಾದ್ಯವೂ ಬೇರೆ. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಹಾರ್ಮೋನಿಯಂ ಪರೀಕ್ಷೆಗೆ ಕೂರುವವರು ಕೀಬೋರ್ಡಿನ ಯೋಚನೆಯನ್ನು ಬಿಟ್ಟು ಒಳ್ಳೆಯ ಪೇಟಿಯನ್ನೇ ಕೊಳ್ಳಬೇಕು. ಭಾತಿ (ಪೇಟಿಗೆ ಗಾಳಿ ಊದುವ ತಿದಿ) ಹಾಕುವ ಎಡಗೈಯ ಹದ ಕೀಬೋರ್ಡಿನ ಮೇಲೆ ಬರುವುದೇ ಇಲ್ಲ.

ಎರಡನೆಯ ಹೆಜ್ಜೆ: ಕೀಗಳ ಅಳತೆ ಮತ್ತು ಸಂಖ್ಯೆ

ಪೂರ್ಣ ಪಿಯಾನೊದಲ್ಲಿ 52 ಬಿಳಿ ಮತ್ತು 36 ಕಪ್ಪು, ಒಟ್ಟು 88 ಕೀಗಳಿರುತ್ತವೆ. ಮನೆಬಳಕೆಯ ಕೀಬೋರ್ಡುಗಳಲ್ಲಿ ಹೆಚ್ಚಿನವು 61 ಕೀಗಳವು, ಅಂದರೆ ಐದು ಸಪ್ತಕ (‘ಸ’ದಿಂದ ಮೇಲಿನ ‘ಸ’ದವರೆಗಿನ ಸ್ವರಗಳ ಸಾಲು ಒಂದು ಸಪ್ತಕ). ನಮ್ಮ ಪೇಟಿಯ ವ್ಯಾಪ್ತಿ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಸಪ್ತಕವಾದ್ದರಿಂದ, ಹಾಡಿನ ಸಾಥಿಗಾಗಿ ಕೊಳ್ಳುವವರಿಗೆ 61 ಕೀಗಳು ಧಾರಾಳವಾಗುತ್ತವೆ. ಪಿಯಾನೊ ಕಲಿಯುವ ಮಗುವಿಗೆ ಆರಂಭದ ಪಾಠಗಳು 61ರಲ್ಲಿ ನಡೆದಾವು. ಮುಂದೆ ಎರಡೂ ಕೈಗಳು ಹೊರಕ್ಕೆ ಚಾಚುವ ರಚನೆಗಳು ಬಂದಾಗ ತುದಿಯ ಕೀಗಳು ಸಾಲದೆ ಹೋಗುತ್ತವೆ.

ಸಂಖ್ಯೆಗಿಂತ ಮುಖ್ಯವಾದದ್ದು ಕೀಯ ಅಗಲ. ಅಂಗಡಿಗೆ ಹೋಗುವಾಗ ಒಂದು ಅಳತೆಪಟ್ಟಿ ಜೇಬಿನಲ್ಲಿರಲಿ. ಮಧ್ಯ ಸಪ್ತಕದ ‘ಬಿಳಿ ಒಂದು’ ಎಂದು ಕರೆಯುವ ಕೀಯ (ಎರಡು ಕಪ್ಪು ಕೀಗಳ ಗುಂಪಿನ ಎಡಕ್ಕಿರುವ ಬಿಳಿ ಕೀ, ಪಾಶ್ಚಾತ್ಯರ ‘ಸಿ’) ಎಡ ಅಂಚಿನಿಂದ ಮುಂದಿನ ಸಪ್ತಕದ ಬಿಳಿ ಒಂದರ ಎಡ ಅಂಚಿನವರೆಗೆ ಅಳೆದರೆ ಸುಮಾರು 16.5 ಸೆಂಟಿಮೀಟರ್ ಬರಬೇಕು. ಇದಕ್ಕಿಂತ ಸ್ಪಷ್ಟವಾಗಿ ಕಡಿಮೆ ಬಂದರೆ ಅದು ಮಿನಿ ಕೀಗಳ ವಾದ್ಯ. ಅದರ ಮೇಲೆ ಪಳಗಿದ ಬೆರಳು ದೊಡ್ಡ ವಾದ್ಯಕ್ಕೆ ಹೋದಾಗ ಪ್ರತಿಯೊಂದು ಜಿಗಿತವನ್ನೂ ಮತ್ತೆ ಕಲಿಯಬೇಕಾಗುತ್ತದೆ. ಆರು ವರ್ಷದ ಮಗುವಿನ ಕೈ ಚಿಕ್ಕದು ಎಂಬ ಕಾರಣಕ್ಕೆ ಮಿನಿ ಕೀಗಳ ವಾದ್ಯ ಕೊಡಿಸುವುದನ್ನು ನಾನು ಒಪ್ಪುವುದಿಲ್ಲ. ಆಟಿಕೆಯೆಂದು ಕೊಡಿಸುವುದಾದರೆ ಅದು ಬೇರೆ ಮಾತು.

ಮೂರನೆಯ ಹೆಜ್ಜೆ: ಕೈಗೆ ಸಿಗುವ ಸ್ಪರ್ಶ

ಇದೇ ಅತ್ಯಂತ ಮುಖ್ಯವಾದ ಹೆಜ್ಜೆ, ಗೊಂದಲ ಹೆಚ್ಚಿರುವುದೂ ಇಲ್ಲಿಯೇ. ಕೀ ಒತ್ತಿದ ರಭಸಕ್ಕೆ ತಕ್ಕಂತೆ ದನಿ ಸಣ್ಣದೋ ದೊಡ್ಡದೋ ಆಗುವ ಗುಣಕ್ಕೆ ಟಚ್ ಸೆನ್ಸಿಟಿವಿಟಿ ಎನ್ನುತ್ತಾರೆ. ಕೀಯೇ ಭಾರವಾಗಿದ್ದು, ಒಳಗಿನ ಪುಟ್ಟ ಸುತ್ತಿಗೆಯ ತೂಕ ಬೆರಳಿಗೆ ತಿಳಿಯುವಂತಿದ್ದರೆ ಅದು ಹ್ಯಾಮರ್ ಆ್ಯಕ್ಷನ್. ಮೊದಲನೆಯ ಗುಣವಿದ್ದು ಎರಡನೆಯದಿಲ್ಲದ ವಾದ್ಯಗಳೇ ಹೆಚ್ಚು. ಕ್ಯಾಸಿಯೋದ ಸಿಟಿ-ಎಸ್200ರಲ್ಲಿ ಸ್ಪರ್ಶಕ್ಕೆ ಸ್ಪಂದಿಸುವ ಗುಣವಿಲ್ಲ. ನೋಡಲು ಹೆಚ್ಚುಕಡಿಮೆ ಅದರಂತೆಯೇ ಇರುವ ಸಿಟಿ-ಎಸ್300ರಲ್ಲಿ ಅದಿದೆ. ಆದರೆ ಎರಡರ ಕೀಗಳೂ ಸ್ಪ್ರಿಂಗಿನಿಂದ ಮೇಲೇಳುವ ಹಗುರ ಕೀಗಳು. ಯಮಹಾದ ಪಿ-145, ಕ್ಯಾಸಿಯೋದ ಸಿಡಿಪಿ-ಎಸ್110, ರೋಲ್ಯಾಂಡಿನ ಎಫ್‌ಪಿ-10 ಇವು 88 ಕೀಗಳ ಹ್ಯಾಮರ್ ಆ್ಯಕ್ಷನ್ ಪಿಯಾನೊಗಳು. ನಿಜವಾದ ಪಿಯಾನೊದಲ್ಲಿರುವಂತೆ ಇವುಗಳಲ್ಲಿಯೂ ಎಡಬದಿಯ ಮಂದ್ರದ (ತಗ್ಗು ಸ್ವರಗಳ) ಕೀಗಳು ಹೆಚ್ಚು ಭಾರವಾಗಿಯೂ ಬಲಬದಿಯ ತಾರದ (ಎತ್ತರದ ಸ್ವರಗಳ) ಕಡೆಗೆ ಹೋದಂತೆ ಹಗುರವಾಗಿಯೂ ಇರುತ್ತವೆ.

ಪಿಯಾನೊ ಕಲಿಯುವವರಿಗೆ ಹ್ಯಾಮರ್ ಆ್ಯಕ್ಷನ್ ಅನಿವಾರ್ಯವೆಂದೇ ತಿಳಿಯಬೇಕು. ಪಿಯಾನೊದ ಕೀ ಸುಮಾರು 10 ಮಿಲಿಮೀಟರ್ ಆಳಕ್ಕೆ ಇಳಿಯುತ್ತದೆ. ಆ ಇಳಿತದ ವೇಗವನ್ನು ಹಿಡಿತದಲ್ಲಿಟ್ಟುಕೊಂಡು ಒಂದು ಸ್ವರವನ್ನು ಮೆತ್ತಗೆ, ಪಕ್ಕದ್ದನ್ನು ಗಟ್ಟಿಯಾಗಿ ನುಡಿಸುವುದೇ ಆ ವಾದ್ಯದ ವಿದ್ಯೆ. ಹಗುರ ಕೀಗಳ ಮೇಲೆ ಎರಡು ವರ್ಷ ಅಭ್ಯಾಸ ಮಾಡಿದ ಮಗು ಪರೀಕ್ಷಾ ಕೊಠಡಿಯ ಪಿಯಾನೊದ ಮುಂದೆ ಕುಳಿತಾಗ ಸ್ವರಗಳೆಲ್ಲ ಗೊತ್ತಿದ್ದೂ ದನಿ ಹೊರಡಿಸಲು ತಿಣುಕುತ್ತದೆ.

ಪೇಟಿಯ ಕೈಗೆ ಈ ಮಾತು ತಿರುವುಮುರುವಾಗುತ್ತದೆ ಎಂಬುದನ್ನು ಮಾತ್ರ ಬಹಳ ಜನ ಹೇಳುವುದಿಲ್ಲ. ಹಾರ್ಮೋನಿಯಂನ ಕೀಗಳು ಹಗುರ, ಇಳಿತ ಕಡಿಮೆ. ದ್ರುತ ಲಯದ ತಾನುಗಳನ್ನು (ವೇಗದ ಸ್ವರಸಾಲುಗಳನ್ನು) ನುಡಿಸಿ ಬೆಳೆದ ಬೆರಳುಗಳಿಗೆ ಹ್ಯಾಮರ್ ಆ್ಯಕ್ಷನ್ ಕೆಲವೇ ನಿಮಿಷಗಳಲ್ಲಿ ಆಯಾಸ ತರುತ್ತದೆ. ಅಲ್ಲದೆ ಪೇಟಿಯಲ್ಲಿ ದನಿಯ ಏರಿಳಿತ ಬರುವುದು ಭಾತಿಯಿಂದಲೇ ಹೊರತು ಕೀ ಒತ್ತುವ ರಭಸದಿಂದಲ್ಲ. ಹಾಗಾಗಿ ಕೀಬೋರ್ಡಿನಲ್ಲಿ ಹಾರ್ಮೋನಿಯಂ ಟೋನ್ ಇಟ್ಟುಕೊಂಡು ನುಡಿಸುವಾಗ ಟಚ್ ಸೆನ್ಸಿಟಿವಿಟಿ ಚಾಲೂ ಇದ್ದರೆ, ತಾನಿನ ಒಂದೊಂದು ಸ್ವರವೂ ಒಂದೊಂದು ಗಾತ್ರದಲ್ಲಿ ಕೇಳಿ ಸಾಲು ಮುರಿದುಬೀಳುತ್ತದೆ. ಅದನ್ನು ಆಫ್ ಮಾಡುವ ಸೌಲಭ್ಯ ಇದೆಯೇ ಎಂದು ನೋಡಬೇಕು, ಸಾಮಾನ್ಯವಾಗಿ ಇರುತ್ತದೆ. ಭಾತಿಯ ಕೆಲಸವನ್ನು ಕಾಲಿಗೆ ಒಪ್ಪಿಸುವ ಎಕ್ಸ್‌ಪ್ರೆಶನ್ ಪೆಡಲಿಗೆ ಜ್ಯಾಕ್ ಇದ್ದರೆ ಇನ್ನೂ ಒಳ್ಳೆಯದು. ಅಗ್ಗದ ಮಾದರಿಗಳಲ್ಲಿ ಸಾಮಾನ್ಯವಾಗಿ, ಬೆರಳೆತ್ತಿದ ಮೇಲೂ ಸ್ವರವನ್ನು ಉಳಿಸುವ ಸಸ್ಟೇನ್ ಪೆಡಲಿಗಷ್ಟೇ ಜಾಗವಿರುತ್ತದೆ.

ನಾಲ್ಕನೆಯ ಹೆಜ್ಜೆ: ಪಟ್ಟಿ, ಶ್ರುತಿ ಮತ್ತು ಗಾಂಧಾರದ ತಕರಾರು

ಹಾಡುವವರಿರುವ ಮನೆಯಲ್ಲಿ ಕೀಬೋರ್ಡಿಗೆ ಮೂರು ಸೌಲಭ್ಯಗಳು ಇರಲೇಬೇಕು. ಮೊದಲನೆಯದು ಟ್ರಾನ್ಸ್‌ಪೋಸ್. ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡು ಕಲಿತವರು ಕಪ್ಪು ನಾಲ್ಕರ ಪಟ್ಟಿಯಲ್ಲಿ, ಅಂದರೆ ಸಪ್ತಕದ ನಾಲ್ಕನೆಯ ಕಪ್ಪು ಕೀಯನ್ನು ಷಡ್ಜವಾಗಿಟ್ಟುಕೊಂಡು, ಹಾಡುವ ಗಾಯಕಿಗೆ ಸಾಥ್ ನೀಡಬೇಕಾದಾಗ, ಎಂಟು ಅರ್ಧಸ್ವರ (ಕಪ್ಪು ಬಿಳಿ ಎರಡನ್ನೂ ಎಣಿಸಿದರೆ ಒಂದು ಕೀಯಿಂದ ಪಕ್ಕದ ಕೀಗಿರುವ ಅಂತರ) ಮೇಲಕ್ಕೆ ಅಥವಾ ನಾಲ್ಕು ಅರ್ಧಸ್ವರ ಕೆಳಕ್ಕೆ ಸರಿಸಿಕೊಂಡರೆ ಬೆರಳಿನ ವಿನ್ಯಾಸ ಬದಲಾಗುವುದಿಲ್ಲ. ಸ್ಕೇಲ್ ಚೇಂಜರ್ ಪೇಟಿಯಲ್ಲಿ ಕೀಗಳ ಹಾಸನ್ನೇ ಸರಿಸಿ ಮಾಡುವ ಕೆಲಸ ಇಲ್ಲಿ ಒಂದು ಗುಂಡಿಯಿಂದ ಆಗುತ್ತದೆ. ಕಲಿಯುವ ಹಂತದಲ್ಲಿರುವವರು ಇದಕ್ಕೆ ಒಗ್ಗಿಕೊಳ್ಳದೆ ಎಲ್ಲ ಪಟ್ಟಿಗಳಲ್ಲೂ ನೇರವಾಗಿ ನುಡಿಸುವುದನ್ನು ರೂಢಿಸಿಕೊಳ್ಳಲಿ ಎಂಬುದು ಹಳೆಯ ಗುರುಗಳ ಕಟ್ಟುನಿಟ್ಟು, ಅದು ಸರಿಯಾದದ್ದೇ.

ಎರಡನೆಯದು ಸೂಕ್ಷ್ಮ ಟ್ಯೂನಿಂಗ್. ಕೀಬೋರ್ಡುಗಳು ಕಾರ್ಖಾನೆಯಿಂದ ಬರುವಾಗ ಮಧ್ಯ ಸಪ್ತಕದ ಬಿಳಿ ಆರನ್ನು 440 ಹರ್ಟ್ಜ್‌ಗೆ ಹೊಂದಿಸಿಕೊಂಡು ಬರುತ್ತವೆ. ಮನೆಯಲ್ಲಿರುವ ಹಳೆಯ ಪೇಟಿಯ ರೀಡುಗಳು ಆ ಅಳತೆಯಲ್ಲಿಯೇ ಇರುತ್ತವೆಂಬ ಭರವಸೆ ಇಲ್ಲ. ಎರಡನ್ನೂ ಜೊತೆಗೂಡಿಸಿ ನುಡಿಸಬೇಕಾದರೆ ಕೀಬೋರ್ಡನ್ನೇ ಒಂದೆರಡು ಹರ್ಟ್ಜ್ ಸರಿಸಬೇಕಾಗುತ್ತದೆ.

ಮೂರನೆಯದು ಸ್ಕೇಲ್ ಟ್ಯೂನಿಂಗ್. ಇದರ ಅಗತ್ಯ ತಿಳಿಯಬೇಕಾದರೆ ತಂಬೂರಿಯ ಪಕ್ಕದಲ್ಲಿ ಕೀಬೋರ್ಡನ್ನು ಇಟ್ಟು ಕೇಳಬೇಕು. ಕೀಬೋರ್ಡಿನಲ್ಲಿ ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ, ಒಂದೊಂದಕ್ಕೆ 100 ಸೆಂಟ್‌ನಂತೆ ಹಂಚಿರುತ್ತಾರೆ. ಅದರಲ್ಲಿ ಶುದ್ಧ ಗಾಂಧಾರ 400 ಸೆಂಟ್‌ನಲ್ಲಿ ಕೂರುತ್ತದೆ. ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರದ ಜಾಗವೋ 386 ಸೆಂಟ್. ಈ 14 ಸೆಂಟ್‌ನ ಅಂತರದಿಂದಲೇ ಯಮನ್ ರಾಗದಲ್ಲಿ ಗಾಂಧಾರದ ಮೇಲೆ ನಿಂತಾಗ ಕೀಬೋರ್ಡ್ ತುಸು ಏರಿದಂತೆ, ಒರಟಾಗಿ ಕೇಳುವುದು. ಧೈವತದಲ್ಲಿ ಈ ಅಂತರ ಸುಮಾರು 16, ನಿಷಾದದಲ್ಲಿ ಸುಮಾರು 12 ಸೆಂಟ್. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು, 1971ರವರೆಗೂ ಬಾಗಿಲು ತೆರೆಯದಿದ್ದುದರ ಹಿಂದಿನ ವಾದಗಳಲ್ಲಿ ಈ ಸಮಹಂಚಿಕೆಯ ಶ್ರುತಿಯೂ ಒಂದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬಾರದು ಎಂಬುದು ಇನ್ನೊಂದು.

ಕ್ಯಾಸಿಯೋದ ಸಿಟಿ-ಎಕ್ಸ್ ಶ್ರೇಣಿಯಂಥ ಕೆಲವು ಕೀಬೋರ್ಡುಗಳಲ್ಲಿ ಸ್ಕೇಲ್ ಟ್ಯೂನಿಂಗ್ ಇದ್ದು, ಒಂದೊಂದು ಸ್ವರವನ್ನೂ ಪ್ರತ್ಯೇಕವಾಗಿ ಏರಿಸಿ ಇಳಿಸಬಹುದು. ಗಾಂಧಾರಕ್ಕೆ 14, ಧೈವತಕ್ಕೆ 16, ನಿಷಾದಕ್ಕೆ 12 ಕಡಿಮೆ ಮಾಡಿ ತಂಬೂರಿಯೊಂದಿಗೆ ನುಡಿಸಿ ನೋಡಿದರೆ ವ್ಯತ್ಯಾಸ ಕಿವಿಗೆ ತಾನೇ ತಿಳಿಯುತ್ತದೆ. ಈ ಹೊಂದಾಣಿಕೆ ಷಡ್ಜ ಎಲ್ಲಿದೆಯೋ ಅದಕ್ಕೆ ಕಟ್ಟುಬಿದ್ದದ್ದು, ಪಟ್ಟಿ ಬದಲಾದರೆ ಇದನ್ನೂ ಬದಲಿಸಬೇಕು. ರಾಗಕ್ಕೆ ತಕ್ಕಂತೆಯೂ ತಿದ್ದಿಕೊಳ್ಳಬೇಕು. ಮೀಂಡಿಗಾಗಿ ಎಡಬದಿಯಲ್ಲಿ ಪಿಚ್ ಬೆಂಡ್ ಚಕ್ರವಿರುವ ಮಾದರಿಗಳಿವೆ. ಅದರಿಂದ ಬಾನ್ಸುರಿ ಅಥವಾ ಸಾರಂಗಿಯ ಟೋನಿನಲ್ಲಿ ಚಿಕ್ಕ ಜಾರುಗಳು ಬಂದಾವು, ಖ್ಯಾಲಿನ ಆಲಾಪ ಬರಲಾರದು. ಭಾರತೀಯ ಟೋನುಗಳು, ತಬಲಾ ಠೇಕಾಗಳು ಬೇಕೆನ್ನುವವರಿಗಾಗಿ ಯಮಹಾದ ಪಿಎಸ್‌ಆರ್-ಐ500, ಕ್ಯಾಸಿಯೋದ ಸಿಟಿ-ಎಕ್ಸ್870ಐಎನ್‌ನಂಥ ಮಾದರಿಗಳು ಬಂದಿವೆ. ಭಜನೆಗೆ ಅವು ಅನುಕೂಲವೇ. ಬರಿಯ ರಿಯಾಜಿಗಾಗಿ ತಂಬೂರಿ, ತಬಲಾ ಬೇಕಿದ್ದರೆ ಮೊಬೈಲಿನ ಆ್ಯಪ್ ಸಾಕು, ಅದಕ್ಕೆಂದೇ ಹೆಚ್ಚು ಬೆಲೆ ತೆರಬೇಕಾಗಿಲ್ಲ.

ಐದನೆಯ ಹೆಜ್ಜೆ: ದನಿ ಮತ್ತು ಜೋಡಣೆಗಳು

ಏಕಕಾಲಕ್ಕೆ ಎಷ್ಟು ಸ್ವರಗಳು ಮೊಳಗಬಲ್ಲವು ಎಂಬ ಅಳತೆಗೆ ಪಾಲಿಫನಿ ಎನ್ನುತ್ತಾರೆ. ಕೈಬೆರಳು ಹತ್ತೇ ಇರುವಾಗ 64 ಏಕೆ ಬೇಕು ಎಂಬ ಪ್ರಶ್ನೆ ಸಹಜ. ಪೆಡಲ್ ಒತ್ತಿದಾಗ ಹಿಂದಿನ ಸ್ವರಗಳೆಲ್ಲ ಉಳಿದುಕೊಂಡು ಲೆಕ್ಕ ಬೇಗ ಏರುವುದರಿಂದ ಬೇಕಾಗುತ್ತದೆ. ಆರಂಭಿಕರಿಗೆ 64 ಸಾಕು, ಮುಂದುವರಿದವರು 128ಕ್ಕಿಂತ ಹೆಚ್ಚಿನದನ್ನು ನೋಡಲಿ. ಸ್ಪೀಕರುಗಳ ವಿಷಯದಲ್ಲಿ, ಚಿಕ್ಕ ಕೀಬೋರ್ಡಿನ ಎರಡೂವರೆ ವಾಟಿನ ಜೋಡಿ ಒಂದು ಕೋಣೆಗೆ ಸಾಕಾಗುತ್ತದೆ, ಮಂಟಪದಲ್ಲಿ ಹತ್ತು ಜನ ಭಜನೆ ಹಾಡುವಾಗ ಸಾಕಾಗುವುದಿಲ್ಲ. ಹೆಡ್‌ಫೋನ್ ಜ್ಯಾಕ್, ಕಂಪ್ಯೂಟರ್ ಮತ್ತು ಫೋನಿಗೆ ಜೋಡಿಸುವ ಯುಎಸ್‌ಬಿ, ಸಸ್ಟೇನ್ ಪೆಡಲಿನ ಜ್ಯಾಕ್, ಈ ಮೂರು ಇರಲಿ. ಬ್ಲೂಟೂತ್ ಹೆಡ್‌ಫೋನಿನಲ್ಲಿ ದನಿ ತಡವಾಗಿ ಕೇಳುವುದರಿಂದ ತಂತಿಯ ಹೆಡ್‌ಫೋನೇ ಸರಿ.

ವಿದ್ಯುತ್ತಿನ ವಿಚಾರ ಇನ್ನೊಂದಿದೆ. ಬೇಸಿಗೆಯ ಸಂಜೆ ಕರೆಂಟು ಹೋದಾಗಲೂ ಅಭ್ಯಾಸ ನಿಲ್ಲಬಾರದು ಎನ್ನುವವರು ಬ್ಯಾಟರಿಯಿಂದ ನಡೆಯುವ ಮಾದರಿಯನ್ನು ನೋಡಬೇಕು. 61 ಕೀಗಳ ಕೀಬೋರ್ಡುಗಳಲ್ಲಿ ಬಹುತೇಕ ಎಲ್ಲವೂ ಸೆಲ್ ಹಾಕಿದರೆ ನಡೆಯುತ್ತವೆ. 88 ಕೀಗಳ ಪಿಯಾನೊಗಳಲ್ಲಿ ಕ್ಯಾಸಿಯೋ ಸಿಡಿಪಿ-ಎಸ್110 ಆರು ಪೆನ್ಸಿಲ್ ಸೆಲ್‌ಗಳಿಂದ ನಡೆಯುತ್ತದೆ, ಯಮಹಾ ಪಿ-145ಕ್ಕೆ ಆ ಸೌಲಭ್ಯವಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಈ ಪ್ರಶ್ನೆಯನ್ನು ಕೈಬಿಡಬಹುದು, ಇವು ಎಳೆಯುವ ವಿದ್ಯುತ್ ಒಂದು ಎಲ್‌ಇಡಿ ಬಲ್ಬಿನಷ್ಟೇ.

ಆರನೆಯ ಹೆಜ್ಜೆ: ಹಣದ ಲೆಕ್ಕ

ಸ್ಪರ್ಶಕ್ಕೆ ಸ್ಪಂದಿಸದ 61 ಕೀಗಳ ವಾದ್ಯ ಸುಮಾರು 7ರಿಂದ 10 ಸಾವಿರ, ಸ್ಪಂದಿಸುವಂಥದ್ದು 12ರಿಂದ 20 ಸಾವಿರ, ಹ್ಯಾಮರ್ ಆ್ಯಕ್ಷನ್ನಿನ 88 ಕೀಗಳ ಪಿಯಾನೊ 35 ಸಾವಿರದಿಂದ ಮೇಲೆ ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು. ಸ್ಟ್ಯಾಂಡ್, ಕೂರುವ ಬೆಂಚು, ಪೆಡಲ್ ಮತ್ತು ಹೆಡ್‌ಫೋನಿಗೆಂದು ಇನ್ನೂ ಐದರಿಂದ ಹತ್ತು ಸಾವಿರ ತೆಗೆದಿಡಬೇಕು. ಬಜೆಟ್ 20 ಸಾವಿರವಿದ್ದು ಮಗು ಪಿಯಾನೊ ಕಲಿಯಬೇಕೆಂದಿದ್ದರೆ, ಟೋನುಗಳು ತುಂಬಿದ ಕೀಬೋರ್ಡಿಗೆ ಪೂರ್ತಿ ಹಣ ಸುರಿಯುವ ಬದಲು 12 ಸಾವಿರದ ಸರಳ ಕೀಬೋರ್ಡ್ ತಂದು, ಉಳಿದದ್ದನ್ನು ಮುಂದಿನ ಪಿಯಾನೊಕ್ಕಾಗಿ ಇಡುವುದು ಜಾಣತನ.

ಏಳನೆಯ ಹೆಜ್ಜೆ: ಅಂಗಡಿಯಲ್ಲಿ ಪರೀಕ್ಷೆ

ಬೆಳಗಾವಿಯ ಖಡೇಬಜಾರ, ಗಣಪತ ಗಲ್ಲಿಗಳ ಸಂಜೆಯ ಗದ್ದಲದಲ್ಲಿ ವಾದ್ಯದ ದನಿ ತಿಳಿಯುವುದಿಲ್ಲ. ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋಗಬೇಕು, ಸ್ವಂತ ಹೆಡ್‌ಫೋನ್ ಒಯ್ಯಬೇಕು. ಮಾರುವವರು ಡೆಮೊ ಗುಂಡಿ ಒತ್ತಿದರೆ ಅದನ್ನು ನಿಲ್ಲಿಸಲು ವಿನಯದಿಂದ ಹೇಳಿ, ಪಿಯಾನೊ ಟೋನ್ ಒಂದನ್ನೇ ಇರಿಸಿಕೊಳ್ಳಬೇಕು. ನುಡಿಸಲು ಬಾರದವರೂ ಮಾಡಬಹುದಾದ ನಾಲ್ಕು ಪರೀಕ್ಷೆಗಳಿವೆ. ಒಂದೇ ಕೀಯನ್ನು ಅತಿ ಮೆಲ್ಲಗೆ ಆರಂಭಿಸಿ ಆರೇಳು ಸಲ ರಭಸ ಹೆಚ್ಚಿಸುತ್ತ ಒತ್ತಿ. ಗಾತ್ರದ ಜೊತೆಗೆ ನಾದದ ಬಣ್ಣವೂ ಮೆತುವಿನಿಂದ ಖಡಕ್ಕಿಗೆ ತಿರುಗಿದರೆ ಒಳ್ಳೆಯ ಲಕ್ಷಣ. ಮಂದ್ರದ ಒಂದು ಕೀಯನ್ನು ಒತ್ತಿ ಹಿಡಿದು ಹದಿನೈದು ಸೆಕೆಂಡು ಕಾಯಿರಿ. ಒಳ್ಳೆಯ ವಾದ್ಯದಲ್ಲಿ ನಾದ ನಿಧಾನವಾಗಿ ಕರಗುತ್ತದೆ, ಅಗ್ಗದ್ದರಲ್ಲಿ ಬೇಗ ಸತ್ತುಹೋಗುತ್ತದೆ ಅಥವಾ ಒಂದೇ ತುಣುಕು ಮರುಕಳಿಸುವುದು ಕಿವಿಗೆ ಬೀಳುತ್ತದೆ. ಪೆಡಲ್ ಒತ್ತಿಕೊಂಡು ಕೆಳಗಿನಿಂದ ಮೇಲಿನವರೆಗೆ ಬಿಳಿ ಕೀಗಳನ್ನೆಲ್ಲ ಸವರಿಕೊಂಡು ಹೋಗಿ, ಮೊದಲು ನುಡಿಸಿದ ಮಂದ್ರ ಸ್ವರ ನಡುವೆಯೇ ಕಡಿದುಹೋಯಿತೇ ಎಂದು ಗಮನಿಸಿ. ಕೊನೆಗೆ ದನಿಯನ್ನು ಪೂರ್ತಿ ಏರಿಸಿ ಮಂದ್ರ ಸ್ವರಗಳನ್ನು ನುಡಿಸಿ ಸ್ಪೀಕರ್ ಗುಂಯ್‌ಗುಡುತ್ತದೆಯೇ ನೋಡಿ.

ಬಾಗಲಕೋಟೆ, ವಿಜಯಪುರಗಳಲ್ಲಿ 88 ಕೀಗಳ ಪಿಯಾನೊವನ್ನು ಅಂಗಡಿಯಲ್ಲಿಟ್ಟು ತೋರಿಸುವುದು ಅಪರೂಪ. ಅಲ್ಲಿನವರು ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿ ಒಂದು ಸಲ ಕೈಯಾಡಿಸಿ ಬಂದ ಮೇಲೆ, ಆನ್‌ಲೈನಿನಲ್ಲಿ ಕೊಂಡರೂ ತೊಂದರೆಯಿಲ್ಲ. ಕೈಯಾಡಿಸದೆ ಕೊಳ್ಳುವುದಂತೂ ಬೇಡ. ಬಿಲ್ ಪಡೆಯುವಾಗ ವಾರಂಟಿಯ ಅವಧಿಯನ್ನೂ, ಹತ್ತಿರದ ಅಧಿಕೃತ ಸರ್ವಿಸ್ ಕೇಂದ್ರ ಯಾವ ಊರಿನಲ್ಲಿದೆ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು.

ಬಳಸಿದ ವಾದ್ಯವಾದರೆ

ಬಳಸಿದ ವಾದ್ಯದಲ್ಲಿ ಮೊದಲು ಕೆಡುವುದು ಕೀಗಳ ಕೆಳಗಿರುವ ರಬ್ಬರಿನ ಗುಬ್ಬಿಗಳು. ಪ್ರತಿ ಗುಬ್ಬಿಯ ಒಳಗೆ ಕಪ್ಪು ಕಾರ್ಬನ್ ಬಿಲ್ಲೆಗಳಿದ್ದು, ಕೀ ಒತ್ತಿದಾಗ ಅವು ಸರ್ಕ್ಯೂಟ್ ಹಲಗೆಯನ್ನು ಒಂದರ ಹಿಂದೊಂದು ಮುಟ್ಟುತ್ತವೆ, ಆ ಎರಡು ಮುಟ್ಟುವಿಕೆಗಳ ನಡುವಿನ ಕ್ಷಣವನ್ನು ಅಳೆದೇ ವಾದ್ಯವು ರಭಸವನ್ನು ಲೆಕ್ಕ ಹಾಕುತ್ತದೆ. ದೂಳಿನ ಒಂದು ಕಣ ನಡುವೆ ಸಿಕ್ಕಿಕೊಂಡರೂ ಆ ಕೀ ಒಮ್ಮೆ ಮೂಕವಾಗುತ್ತದೆ, ಇನ್ನೊಮ್ಮೆ ಮೆಲ್ಲಗೆ ಒತ್ತಿದರೂ ಕಿರುಚುತ್ತದೆ. ಆದ್ದರಿಂದ ಕಪ್ಪು ಬಿಳಿ ಎನ್ನದೆ ಪ್ರತಿಯೊಂದು ಕೀಯನ್ನೂ ಒಂದೇ ಹದದಲ್ಲಿ ಒತ್ತುತ್ತ ಹೋಗಬೇಕು, ನಡುವಿನ ಎರಡು ಸಪ್ತಕಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಒಂದೆರಡು ಕೀಗಳ ದೋಷವನ್ನು ಬಿಚ್ಚಿ ಒರೆಸಿ ಸರಿಪಡಿಸಬಹುದು. ರಸಮಂಜರಿ ತಂಡಗಳ ಜೊತೆ ವರ್ಷಗಟ್ಟಲೆ ಟೆಂಪೊದಲ್ಲಿ ತಿರುಗಿದ ಕೀಬೋರ್ಡಿನಲ್ಲಿ ಆ ದೋಷ ಸಾಲುಸಾಲಾಗಿ ಸಿಕ್ಕರೆ ಬಿಟ್ಟು ಬರುವುದೇ ಲೇಸು.

ಅಡಾಪ್ಟರ್ ಮೂಲದ್ದೇ ಎಂದು ವಾದ್ಯದ ಹಿಂಬದಿಯ ಗುರುತಿನೊಂದಿಗೆ ತಾಳೆ ನೋಡಬೇಕು. ಕೆಲವು 12 ವೋಲ್ಟಿನವು, ಕೆಲವು 9.5 ಅಥವಾ 9 ವೋಲ್ಟಿನವು. ಪಿನ್ನಿನ ನಡುವಿನ ಧನ ಋಣಗಳೂ ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು. ಪಿನ್ ಹೊಂದಿತೆಂದು ಸಿಕ್ಕಿದ್ದನ್ನು ಚುಚ್ಚಿದರೆ ಒಳಗಿನ ಹಲಗೆ ಸುಟ್ಟೀತು.

ಮನೆಗೆ ತಂದ ಮೇಲೆ

ಕುರ್ಚಿಯ ಮೇಲೆ ಕುಳಿತು ನುಡಿಸುವುದಾದರೆ ಕೀಗಳ ಮೇಲ್ಮೈ ನೆಲದಿಂದ ಸುಮಾರು 72ರಿಂದ 74 ಸೆಂಟಿಮೀಟರ್ ಎತ್ತರದಲ್ಲಿದ್ದು, ಮುಂಗೈ ನೆಲಕ್ಕೆ ಸಮಾನಾಂತರವಾಗಿರಬೇಕು. ಚಕ್ಕಂಬಕ್ಕಳ ಹಾಕಿ ಹಾಡಿಕೊಂಡು ನುಡಿಸುವವರು 61 ಕೀಗಳ ಹಗುರ ವಾದ್ಯವನ್ನು ಗಿಡ್ಡ ಮಣೆಯ ಮೇಲೆ ಇಟ್ಟುಕೊಳ್ಳಲಿ. ಹನ್ನೊಂದು ಕಿಲೋ ತೂಗುವ, 130 ಸೆಂಟಿಮೀಟರಿಗೂ ಉದ್ದವಾದ 88 ಕೀಗಳ ಪಿಯಾನೊಕ್ಕೆ ಗಟ್ಟಿ ಸ್ಟ್ಯಾಂಡೇ ಆಗಬೇಕು, ಒಂಟಿ ಕತ್ತರಿ ಸ್ಟ್ಯಾಂಡ್ ಅದರಡಿ ಅಲುಗಾಡುತ್ತದೆ. ಮಾಳಿಗೆ ಮನೆಯಲ್ಲಿ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನುಡಿಸಿದರೂ ಹ್ಯಾಮರ್ ಕೀಗಳ ಧಪಧಪ ಸದ್ದು ಕೆಳಗಿನವರಿಗೆ ಕೇಳಿಸುತ್ತದೆ. ಸ್ಟ್ಯಾಂಡಿನ ಕೆಳಗೆ ದಪ್ಪ ಜಮಖಾನೆಯನ್ನು ಎರಡು ಮಡಿಕೆ ಹಾಸಿದರೆ ಅದು ಬಹಳಷ್ಟು ತಗ್ಗುತ್ತದೆ.

ಹವಾಮಾನದ ಕಾಳಜಿ ಊರಿನಿಂದ ಊರಿಗೆ ಬೇರೆ. ಬೆಳಗಾವಿ, ಖಾನಾಪುರಗಳ ಮಳೆಗಾಲದ ತೇವದಲ್ಲಿ ಲೋಹದ ಸಂಪರ್ಕಗಳು ಕಿಲುಬು ಹಿಡಿಯುವುದರಿಂದ ವಾದ್ಯವನ್ನು ಹೊರಗೋಡೆಗೆ ತಾಗಿಸಿ ಇಡಬಾರದು, ಹೊದಿಕೆಯೊಳಗೆ ಸಿಲಿಕಾ ಜೆಲ್ ಚೀಲಗಳಿರಲಿ. ಬಾಗಲಕೋಟೆ, ವಿಜಯಪುರಗಳಲ್ಲಿ ಬೇಸಿಗೆಯ ದೂಳು ಮತ್ತು ಬಿಸಿಲೇ ಶತ್ರು. ಕಿಟಕಿಯ ಬಿಸಿಲು ನೇರವಾಗಿ ಬೀಳದ ಜಾಗ ಆರಿಸಿ, ನುಡಿಸಿದ ಕೂಡಲೇ ಹತ್ತಿಯ ಬಟ್ಟೆ ಹೊದಿಸಬೇಕು. ಕೀಗಳನ್ನು ಒರೆಸಲು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಮೆತ್ತನೆಯ ಬಟ್ಟೆ ಸಾಕು, ಥಿನ್ನರ್ ಮತ್ತು ಸ್ಪಿರಿಟ್ ಮುಟ್ಟಿಸಬಾರದು. ವಾದ್ಯ ಬಂದ ಪೆಟ್ಟಿಗೆಯನ್ನೂ ಒಳಗಿನ ಥರ್ಮೊಕೋಲ್ ಅಚ್ಚುಗಳನ್ನೂ ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲೆ ಇರಿಸಿಕೊಳ್ಳಿ, ಸರ್ವಿಸ್ ಕೇಂದ್ರ ಪರ ಊರಿನಲ್ಲಿದ್ದರೆ ಬಸ್ ಪಾರ್ಸೆಲ್ಲಿಗೆ ಅವೇ ಬೇಕಾಗುತ್ತವೆ.